ನೋಟಿಸಿಗೂ ನಿರ್ಧಾರಕ್ಕೂ ನಡುವಿನ ಹತ್ತು ತಿಂಗಳು

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ವಾಲ್ವ್ ಕಾರ್ಖಾನೆಯಲ್ಲಿ 17 ವರ್ಷಗಳಿಂದ ಗುಣಮಟ್ಟ ಪರೀಕ್ಷಕನಾಗಿದ್ದೇನೆ. ಈಗ ನಮ್ಮ ವಿಭಾಗವನ್ನು ಪುಣೆಗೆ ಸಾಗಿಸುತ್ತಿದ್ದಾರೆ. ಅಲ್ಲಿಗೆ ಬನ್ನಿ, ಇಲ್ಲವೇ ರಾಜೀನಾಮೆ ಕೊಡಿ, 15 ದಿನಗಳಲ್ಲಿ ತಿಳಿಸಿ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಆರು ದಿನ ಕಳೆದವು. ಮಗಳು ದ್ವಿತೀಯ ಪಿಯುಸಿ, ತಾಯಿಗೆ ಸಕ್ಕರೆ ಕಾಯಿಲೆ, ಮನೆ ಸಾಲದ ಕಂತು ಇದೆ. ಹೆಂಡತಿ ಮನೆಯಲ್ಲೇ ಜಂಪರ್ ಹೊಲಿದು ತಿಂಗಳಿಗೆ ಆರು ಸಾವಿರದಷ್ಟು ಗಳಿಸುತ್ತಾಳೆ. ಅವಳ ಅಣ್ಣ ಕಿರಾಣಿ ಅಂಗಡಿ ಹಾಕು ಎನ್ನುತ್ತಾರೆ. ಬ್ಯಾಡಗಿ ತಾಲ್ಲೂಕಿನಲ್ಲಿ ಅಪ್ಪ ಬಿಟ್ಟುಹೋದ ಮೂರು ಎಕರೆ ಲಾವಣಿಗೆ ಕೊಟ್ಟಿದ್ದೇವೆ, ಊರಿಗೆ ಬಾ ಎಂದು ತಾಯಿ ಹೇಳುತ್ತಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ. ಮೊನ್ನೆ ಕಪಾಟು ತೆರೆದರೆ, ನಾನು ತಿರಸ್ಕರಿಸಿದ ಎರಕದ ಬಿಡಿಭಾಗಗಳ, ಅಂದರೆ ಕಾಸ್ಟಿಂಗ್‌ಗಳ ಬಗ್ಗೆ ಇಷ್ಟು ವರ್ಷ ಬರೆದುಕೊಂಡ ನಾಲ್ಕು ಡೈರಿಗಳು ಸಿಕ್ಕವು. ರದ್ದಿಗೆ ಹಾಕೋಣ ಎಂದಳು ಹೆಂಡತಿ. ವೃತ್ತಿ ಸಮಾಲೋಚನೆ ಎಂದರೆ ಪಿಯುಸಿ ಮಕ್ಕಳಿಗೆ ಎಂದುಕೊಂಡಿದ್ದೆ. ತಲೆ ನೆರೆಯುತ್ತಿರುವ ನನಗೆ ಅದರಿಂದ ಏನಾದೀತು? ನಾನು ಯಾವ ದಾರಿ ಹಿಡಿಯಲಿ?

ಉತ್ತರ: ಡೈರಿಗಳನ್ನು ರದ್ದಿಗೆ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಸಮಾಲೋಚನೆ ಮಕ್ಕಳಿಗೆ ಮಾತ್ರ ಎಂಬ ಭಾವನೆ ನಿಮ್ಮಲ್ಲಿ ಮೂಡಿದ್ದರೆ ತಪ್ಪು ನಮ್ಮದು. ಪರೀಕ್ಷೆಯ ಫಲಿತಾಂಶ ಬಂದ ವಾರವೇ ಧಾರವಾಡದ ಸಭಾಭವನಗಳಲ್ಲಿ ‘ಪಿಯುಸಿ ನಂತರ ಮುಂದೇನು?’ ಎಂಬ ಫಲಕ ಏರುತ್ತದೆ, ನಮ್ಮಂಥವರು ಮೈಕು ಹಿಡಿದು ನಿಲ್ಲುತ್ತೇವೆ. ‘ಹದಿನೇಳು ವರ್ಷ ದುಡಿದ ನಂತರ ಮುಂದೇನು?’ ಎಂಬ ಫಲಕವನ್ನು ನಾನಂತೂ ಎಲ್ಲಿಯೂ ಕಂಡಿಲ್ಲ. ಆದರೆ ಈ ವಿದ್ಯೆ ಹುಟ್ಟಿದ್ದು ಶಾಲೆಯ ಕೊಠಡಿಯಲ್ಲಲ್ಲ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ಅಮೆರಿಕದ ಬಾಸ್ಟನ್ ನಗರದಲ್ಲಿ ಮೊದಲ ವೃತ್ತಿ ಮಾರ್ಗದರ್ಶನ ಕೇಂದ್ರ ತೆರೆದದ್ದು ವಲಸೆಗಾರರೇ ತುಂಬಿದ್ದ ಬಡಾವಣೆಯ ಒಂದು ಸೇವಾ ಕೇಂದ್ರದಲ್ಲಿ. ನಿನ್ನನ್ನು ನೀನು ಅರಿ, ಕೆಲಸಗಳ ಸ್ವರೂಪ ಅರಿ, ಎರಡನ್ನೂ ಕೂಡಿಸಿ ವಿಚಾರ ಮಾಡು ಎಂಬುದು ಅವನ ಸೂತ್ರ. ಸೂತ್ರ ಇಂದಿಗೂ ಕೆಟ್ಟಿಲ್ಲ. ಆದರೆ ಮನುಷ್ಯನೂ ಕೆಲಸವೂ ಇದ್ದಲ್ಲೇ ಇರುತ್ತವೆ ಎಂಬ ನಂಬಿಕೆ ಅದರೊಳಗೆ ಅಡಗಿತ್ತು. ನಿಮ್ಮ ಕೆಲಸವೋ ಈಗ ಲಾರಿ ಹತ್ತಿ ಪುಣೆಗೆ ಹೊರಟಿದೆ.

ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ. ಆ ಪ್ರಶ್ನೆಗೆ ಇವತ್ತು ಉತ್ತರ ಹೇಳುವ ಸಮಾಲೋಚಕರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ನನ್ನ ಬಳಿಗೆ ಬರುವವರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಒಂದು ಜಾತಕ. ಹೆಸರು ಮಾತ್ರ ‘ಅಪ್ಟಿಟ್ಯೂಡ್ ಟೆಸ್ಟ್’ ಎಂದಿರುತ್ತದೆ. ನೂರು ಪ್ರಶ್ನೆಗಳಿಗೆ ಗುರುತು ಹಾಕಿದರೆ ಕೊನೆಯಲ್ಲಿ ಕಂಪ್ಯೂಟರ್ ಒಂದು ಉದ್ಯೋಗದ ಹೆಸರು ಉದುರಿಸುತ್ತದೆ ಎಂಬ ನಿರೀಕ್ಷೆ. ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ರೂಪಿಸಿದ ಆರು ಬಗೆಯ ಆಸಕ್ತಿಗಳ ಪರೀಕ್ಷೆ ನನ್ನಲ್ಲೂ ಇದೆ, ಹದಿನೇಳರ ಹುಡುಗಿಗೆ ಅದು ಉಪಯುಕ್ತ. ಹದಿನೇಳು ವರ್ಷ ಒಂದೇ ಮೇಜಿನ ಮುಂದೆ ನಿಂತವರಿಗೆ ಆ ಮೇಜೇ ಪರೀಕ್ಷೆ, ಫಲಿತಾಂಶ ನಿಮ್ಮ ಡೈರಿಗಳಲ್ಲಿದೆ.

ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದು: ನಿಮ್ಮ ಕೈಯಲ್ಲಿ ಎಷ್ಟು ತಿಂಗಳಿವೆ? ಕೆಲಸ ಹೋದ ಸುದ್ದಿ ಬಂದ ಮೊದಲ ಎರಡು ವಾರಗಳಲ್ಲಿ ತೆಗೆದುಕೊಂಡ ನಿರ್ಧಾರಗಳಷ್ಟು ದುಬಾರಿ ನಿರ್ಧಾರಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಲು ಸುಟ್ಟವನು ಕೈಗೆ ಸಿಕ್ಕ ನೀರಿಗೆ ಹಾರುತ್ತಾನೆ, ಆಳ ನೋಡುವುದಿಲ್ಲ. ಸಮಾಲೋಚನೆಯಿಂದ ನಿಮಗಾಗುವ ಮೊದಲ ಉಪಕಾರ ಕೆಲಸ ಸಿಗುವುದಲ್ಲ, ಗಡುವು ಸಿಗುವುದು. ಭಯವನ್ನು ಒಂದು ಕಡೆ, ಲೆಕ್ಕವನ್ನು ಒಂದು ಕಡೆ ಇಟ್ಟು ನೋಡುವುದು. ಭಯದ ಮಾತು ಆಮೇಲೆ. ಲೆಕ್ಕ ಮೊದಲು.

ಮನೆಯ ಖರ್ಚು ಎಷ್ಟೆಂದು ನೀವು ಬರೆದಿಲ್ಲ. ಕಂತು, ಔಷಧ, ಮಗಳ ಫೀಸು, ದಿನಸಿ ಎಲ್ಲ ಸೇರಿ ತಿಂಗಳಿಗೆ 27,000 ರೂಪಾಯಿ ಎಂದು ಹಿಡಿಯೋಣ. ಮನೆಯವರ ಹೊಲಿಗೆಯ 6,000 ಕಳೆದರೆ ತುಂಬಬೇಕಾದ ಗುಂಡಿ 21,000. ಇನ್ನು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಬರುವ ಇಡಿಗಂಟು. ಐದು ವರ್ಷ ಮೀರಿ ದುಡಿದವರಿಗೆ ಅದು ಹಕ್ಕು, ಕಂಪನಿಯ ಔದಾರ್ಯವಲ್ಲ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಮೂಲ ವೇತನವೂ ಭತ್ಯೆಯೂ ಸೇರಿ 22,000 ಇದ್ದರೆ, 17 ವರ್ಷಕ್ಕೆ 2,15,769 ರೂಪಾಯಿ ಬರುತ್ತದೆ. ಕೆಲಸ ಬಿಟ್ಟ 30 ದಿನಗಳಲ್ಲಿ ಅದನ್ನು ಕೊಡಬೇಕು. ಆ ಮೊತ್ತವನ್ನು 21,000ದಿಂದ ಭಾಗಿಸಿದರೆ ಹತ್ತು ತಿಂಗಳು. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿದಾಗ ಎಂಟು ಬರಬಹುದು, ಹನ್ನೆರಡು ಬರಬಹುದು. ಆದರೆ ನಿಮಗೆ ನಿದ್ದೆಗೆಡಿಸುತ್ತಿರುವ ಅಂಕಿ ಹದಿನೈದು ದಿನ. ಹದಿನೈದು ದಿನ ಕಂಪನಿಯ ಗಡುವು, ಹತ್ತು ತಿಂಗಳು ನಿಮ್ಮ ಗಡುವು. ಎರಡನ್ನೂ ಒಂದೇ ಎಂದು ಎಣಿಸಿದ್ದರಿಂದಲೇ ರಾತ್ರಿ ಅಷ್ಟು ಉದ್ದವಾಗಿರುವುದು.

ಭವಿಷ್ಯ ನಿಧಿಯನ್ನು ಈ ಲೆಕ್ಕಕ್ಕೆ ಬೇಕೆಂದೇ ಸೇರಿಸಿಲ್ಲ. ನಮ್ಮಲ್ಲಿ ಕೆಲಸ ಹೋದೊಡನೆ ಪಿಎಫ್ ಒಡೆಯುವುದು ಒಂದು ರೂಢಿಯಾಗಿಬಿಟ್ಟಿದೆ, ಆ ಹಣ ಬಂದದ್ದು ಗೊತ್ತಾಗುತ್ತಲೇ ಮನೆಗೆ ಬರುವ ನೆಂಟರ ಸಂಖ್ಯೆಯೂ ಹೆಚ್ಚುತ್ತದೆ. ಹತ್ತು ವರ್ಷ ಮೀರಿ ವಂತಿಗೆ ಕಟ್ಟಿರುವುದರಿಂದ ನಿಮಗೆ 58ರ ನಂತರ ಮಾಸಿಕ ಪಿಂಚಣಿಯ ಅರ್ಹತೆ ಆಗಲೇ ಬಂದಿದೆ. ಮುಂದೆ ಎಲ್ಲಿಗೆ ಸೇರಿದರೂ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಗುರುತಿನ) ಸಂಖ್ಯೆ ಕೊಟ್ಟು ಖಾತೆ ಮುಂದುವರಿಸಿ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ತಾಯಿಯವರ ಹೆಸರಿದ್ದರೆ ಅದು ಸಾಮಾನ್ಯವಾಗಿ ನೀವು ಕೆಲಸ ಬಿಟ್ಟೊಡನೆ ನಿಂತುಹೋಗುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಏನು ಮಾಡಬೇಕೆಂದು ಈಗಲೇ ವಿಚಾರಿಸಿ. ಬ್ಯಾಂಕಿನ ವ್ಯವಸ್ಥಾಪಕರನ್ನೂ ಕಂತು ತಪ್ಪುವ ಮೊದಲು ಕಾಣುವುದು ಲೇಸು. ತಪ್ಪಿದ ಮೇಲೆ ಹೋದರೆ ಅವರು ಆಡುವ ಮಾತಿನ ಧಾಟಿಯೇ ಬೇರೆ.

ರಾಜೀನಾಮೆ ಎಂಬ ಶಬ್ದದ ಬಗ್ಗೆ ಸ್ವಲ್ಪ ನಿಲ್ಲಬೇಕು. ನೀವಾಗಿ ಬಿಡುವುದಕ್ಕೂ ಅವರು ನಿಮ್ಮನ್ನು ಬಿಡಿಸುವುದಕ್ಕೂ ಕಾನೂನಿನಲ್ಲಿ ಅಜಗಜಾಂತರ. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವರನ್ನು ಶಿಸ್ತುಕ್ರಮದಿಂದಲ್ಲದೆ, ಕೆಲಸವೇ ಇಲ್ಲವೆಂದು ತೆಗೆದರೆ ನೋಟಿಸು ಕೊಡಬೇಕು, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನದಂತೆ ಪರಿಹಾರ ಕೊಡಬೇಕು. ಇದು ಗ್ರಾಚ್ಯುಟಿಯ ಹೊರತಾಗಿ. ರಾಜೀನಾಮೆ ಬರೆದುಕೊಟ್ಟವರಿಗೆ ಅದು ಇಲ್ಲ. ಪರೀಕ್ಷಕ ಹುದ್ದೆ ಕಾರ್ಮಿಕನದೋ ಮೇಲ್ವಿಚಾರಕನದೋ ಎಂಬುದು ವಾದದ ವಿಷಯ. ನಿಮ್ಮ ನೇಮಕಾತಿ ಪತ್ರದಲ್ಲಿ ‘ಕಂಪನಿಯ ಯಾವುದೇ ಘಟಕಕ್ಕೆ ವರ್ಗ ಮಾಡಬಹುದು’ ಎಂಬ ಸಾಲಿದ್ದರೆ ಲೆಕ್ಕ ಇನ್ನೂ ಬದಲಾಗುತ್ತದೆ. ಆ ಪತ್ರ ಹಿಡಿದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೋ, ಕಾರ್ಮಿಕ ವ್ಯಾಜ್ಯ ನಡೆಸುವ ವಕೀಲರ ಬಳಿಗೋ ಒಮ್ಮೆ ಹೋಗಿಬನ್ನಿ. ಇದು ಸಮಾಲೋಚಕಿಯ ಕೆಲಸವಲ್ಲ ನಿಜ. ಆದರೆ ಯಾರ ಬಾಗಿಲು ಯಾವಾಗ ತಟ್ಟಬೇಕು ಎಂದು ಹೇಳುವುದು ನನ್ನ ಕೆಲಸ.

ಈಗ ಡೈರಿಗಳಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಗದಗದಿಂದ ಒಬ್ಬರು ಬಂದಿದ್ದರು. ಗದಗ ಮುದ್ರಣಾಲಯಗಳ ಊರು. ಅವರು ಅಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಫ್‌ಸೆಟ್ ಯಂತ್ರ ನಡೆಸಿದವರು. ಲಗ್ನಪತ್ರಿಕೆಗಳು ಮೊಬೈಲಿಗೆ ಹೋದವು, ಶಾಲೆಯ ಪ್ರಶ್ನೆಪತ್ರಿಕೆಗಳು ಜೆರಾಕ್ಸ್ ಅಂಗಡಿಗೆ ಹೋದವು, ಪ್ರೆಸ್ ಮುಚ್ಚಿತು. ಕುರ್ಚಿಯ ಅಂಚಿನಲ್ಲಿ ಕುಳಿತು, ‘ಮಷಿನ್ ನಡೆಸುವುದು ಬಿಟ್ಟು ನನಗೆ ಏನೂ ಬರುವುದಿಲ್ಲ’ ಎಂದರು. ನಾನು ಕೇಳಿದ್ದು ಒಂದೇ: ಮಳೆಗಾಲದ ಒಂದು ದಿನದ ಕೆಲಸವನ್ನು ಬೆಳಿಗ್ಗೆಯಿಂದ ಸಂಜೆಯ ತನಕ ಹೇಳಿ, ಒಂದನ್ನೂ ಬಿಡಬೇಡಿ. ಅವರು ಹೇಳತೊಡಗಿದರು. ಮಳೆಗಾಲದಲ್ಲಿ ಕಾಗದ ತೇವ ಎಳೆದುಕೊಳ್ಳುತ್ತದೆ, ಅಂಚು ಅಲೆಯಲೆಯಾಗುತ್ತದೆ, ಒಂದು ಬಣ್ಣದ ಮೇಲೆ ಇನ್ನೊಂದು ಕೂಡುವುದಿಲ್ಲ. ಅದಕ್ಕೆ ಹಿಂದಿನ ದಿನವೇ ರೀಮು ಬಿಚ್ಚಿ ಯಂತ್ರದ ಪಕ್ಕದಲ್ಲಿಟ್ಟು ಅಲ್ಲಿನ ಹವೆಗೆ ಹೊಂದಿಸುತ್ತಿದ್ದರಂತೆ. ಹತ್ತು ಗಂಟೆಗೆ ಶಾಲೆಯವರು ತುರ್ತು ಎಂದು ಬಂದರೆ ಯಾವ ಕೆಲಸ ಮುಂದೆ ತಳ್ಳಬೇಕು, ಯಾರಿಗೆ ಫೋನು ಮಾಡಿ ಸಮಾಧಾನ ಹೇಳಬೇಕು ಎಂದು ತೀರ್ಮಾನಿಸುತ್ತಿದ್ದವರು ಅವರೇ. ಆರು ಹುಡುಗರಿಗೆ ಕೆಲಸ ಕಲಿಸಿದ್ದರು. ಮಾಲೀಕರು ಊರಲ್ಲಿಲ್ಲದಾಗ ಬಾಕಿ ವಸೂಲಿಯೂ ಅವರದೇ.

ನಾನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದೆ: ಕಚ್ಚಾ ಮಾಲಿನ ತಿಳಿವಳಿಕೆ, ಕೆಲಸದ ಯೋಜನೆ, ಗಿರಾಕಿಗಳ ನಿರ್ವಹಣೆ, ತರಬೇತಿ, ವಸೂಲಿ. ಹಾಳೆಯನ್ನು ಅವರತ್ತ ತಿರುಗಿಸಿದಾಗ, ‘ಇದು ಯಾರದು?’ ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದರು. ಈಗ ಹುಬ್ಬಳ್ಳಿಯ ಒಂದು ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿ ಮುದ್ರಣ ವಿಭಾಗದ ಮೇಲ್ವಿಚಾರಕರು. ಮೊದಲ ವರ್ಷ ಹಳೆಯ ಸಂಬಳಕ್ಕಿಂತ ನಾಲ್ಕು ಸಾವಿರ ಕಡಿಮೆಗೆ ಒಪ್ಪಿಕೊಂಡರು ಎಂಬುದನ್ನೂ ಹೇಳಿಬಿಡುತ್ತೇನೆ. ಇಂಥ ಕಥೆಗಳಲ್ಲಿ ಆ ಸಾಲನ್ನು ಬಿಟ್ಟು ಹೇಳುವುದೇ ಹೆಚ್ಚು.

ನಿಮ್ಮ ಡೈರಿಗಳನ್ನು ನಾನು ಹಾಗೆಯೇ ಓದುತ್ತೇನೆ. ವಾಲ್ವಿನ ಕವಚವನ್ನು ನಿಗದಿತ ಒತ್ತಡದ ಒಂದೂವರೆ ಪಟ್ಟು ನೀರಿನ ಒತ್ತಡದಲ್ಲಿಟ್ಟು ಗಡಿಯಾರ ನೋಡುತ್ತಾ ನಿಲ್ಲುವುದು ನಿಮ್ಮ ಕೆಲಸ. ಹೊರಮೈಯಲ್ಲಿ ಒಂದು ಹನಿ ಮೂಡಿದರೂ ಅದು ಹೊರಗೆ. ಇದರಲ್ಲಿ ಅಳತೆಯ ಪರಿಣತಿ ಎಷ್ಟಿದೆಯೋ ಅಷ್ಟೇ ಇನ್ನೊಂದೂ ಇದೆ: ತಿಂಗಳ ಕೊನೆಯಲ್ಲಿ ಲಾರಿ ಬಾಗಿಲಲ್ಲಿ ನಿಂತು, ಉತ್ಪಾದನಾ ವಿಭಾಗದವರು ಮುಖ ಊದಿಸಿಕೊಂಡು ನಿಂತಿರುವಾಗಲೂ ‘ಇದು ಹೋಗುವುದಿಲ್ಲ’ ಎನ್ನುವ ಗಟ್ಟಿತನ. ಅದು ಕೋರ್ಸಿನಲ್ಲಿ ಸಿಗುವುದಿಲ್ಲ. ಡೈರಿ ತೆರೆದು, ಯಾವ ದೋಷವನ್ನು ಮೊದಲು ನೀವೇ ಪತ್ತೆ ಹಚ್ಚಿದಿರಿ, ಅದರ ಮೂಲ ಫೌಂಡ್ರಿಯ ಅಚ್ಚಿನಲ್ಲಿದೆಯೋ ಮಷಿನಿಂಗ್‌ನಲ್ಲಿದೆಯೋ ಎಂದು ಹೇಗೆ ಕಂಡುಕೊಂಡಿರಿ, ಆಮೇಲೆ ತಿರಸ್ಕಾರ ಎಷ್ಟು ಕಡಿಮೆಯಾಯಿತು ಎಂಬಂಥ ಹತ್ತು ಪ್ರಸಂಗಗಳನ್ನು ಆರಿಸಿ. ಗಿರಾಕಿಯ ಹೆಸರು, ನಕಾಶೆ, ಕಂಪನಿಯ ಗುಟ್ಟು ಯಾವುದೂ ಬೇಡ. ಅವು ನಿಮ್ಮವಲ್ಲ. ನಿಮ್ಮ ತೀರ್ಮಾನಗಳು ಮಾತ್ರ ನಿಮ್ಮವು. ಆ ಹತ್ತು ಪ್ರಸಂಗಗಳೇ ನಿಮ್ಮ ಹೊಸ ಬಯೋಡೇಟಾ. ‘ಶ್ರಮಜೀವಿ, ತಂಡದೊಡನೆ ಬೆರೆಯುವ ಸ್ವಭಾವ’ ಎಂದು ಬರೆದ ಬಯೋಡೇಟಾಗಳನ್ನು ಓದಿ ಓದಿ ನನಗೇ ಸಾಕಾಗಿದೆ, ಕಂಪನಿಯವರ ಪಾಡೇನು.

ಈ ಹಾಳೆಯನ್ನು ಎದುರಿಗಿಟ್ಟುಕೊಂಡರೆ ನೀವು ಕೊಟ್ಟ ಮೂರು ದಾರಿಗಳ ಪಕ್ಕದಲ್ಲಿ ಇನ್ನೂ ಎರಡು ಮೂರು ಕಾಣುತ್ತವೆ. ಅಳತೆ ಉಪಕರಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ಯಾಲಿಬ್ರೇಷನ್ ಪ್ರಯೋಗಾಲಯಗಳು. ಗಿರಾಕಿಯ ಪರವಾಗಿ ಕಾರ್ಖಾನೆಗಳಿಗೆ ಹೋಗಿ ಮಾಲು ನೋಡುವ ತಪಾಸಣಾ ಸಂಸ್ಥೆಗಳು. ಇವಕ್ಕೆ ವಸ್ತುವನ್ನು ಒಡೆಯದೆ ಪರೀಕ್ಷಿಸುವ ಎನ್‌ಡಿಟಿ ವಿಧಾನಗಳಲ್ಲಿ ಎರಡನೇ ಹಂತದ ಪ್ರಮಾಣಪತ್ರವಿದ್ದರೆ ಅನುಕೂಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ಹುಬ್ಬಳ್ಳಿಯಿಂದ ದೂರವೇನಲ್ಲ. ಹುಬ್ಬಳ್ಳಿಯ ಜಿಟಿಟಿಸಿಯಂಥ ಸರ್ಕಾರಿ ತರಬೇತಿ ಕೇಂದ್ರಗಳಲ್ಲಿ ಹುಡುಗರಿಗೆ ಮೈಕ್ರೋಮೀಟರ್ ಹಿಡಿಯಲು ಕಲಿಸುವ ಕೆಲಸಕ್ಕೂ ಕಾರ್ಖಾನೆಯ ಅನುಭವ ಉಳ್ಳವರು ಬೇಕಾಗುತ್ತಾರೆ. ಇವುಗಳಲ್ಲಿ ಯಾವುದಾದರೂ ನಿಮಗೆ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆರು ದಿನಗಳಿಂದ ನೀವು ಮೂರೇ ಬಾಗಿಲುಗಳ ಮನೆಯಲ್ಲಿ ಸುತ್ತುತ್ತಿದ್ದೀರಿ ಎನ್ನುತ್ತಿದ್ದೇನೆ.

ಹುಡುಕುವುದು ಎಲ್ಲಿ? ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ನ್ಯೂಟನ್ ಊರಿನ ಉದ್ಯೋಗಸ್ಥರನ್ನು ಕೆಲಸ ಹೇಗೆ ಸಿಕ್ಕಿತೆಂದು ವಿಚಾರಿಸಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಶಾಸ್ತ್ರದಲ್ಲಿ ಬಹಳ ಹೆಸರುವಾಸಿ. ಪರಿಚಿತರಿಂದ ಕೆಲಸ ಪಡೆದವರಲ್ಲಿ, ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ 17ರಷ್ಟೇ. ಮಿಕ್ಕವರಿಗೆ ದಾರಿ ತೋರಿಸಿದ್ದು ಅಪರೂಪಕ್ಕೆ, ಯಾವಾಗಲೋ ಒಮ್ಮೆ ಕಾಣುವ ಜನ. ಕಾರಣ ಸರಳ. ದಿನವೂ ಚಹಾ ಕುಡಿಯುವ ಗೆಳೆಯನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ, ಮೇಲಾಗಿ ಅವನ ಕೆಲಸವೂ ನಿಮ್ಮ ಜೊತೆಗೇ ಹೋಗಿರುತ್ತದೆ. ಹಾಗಾಗಿ ನೆಂಟರ ಪಟ್ಟಿ ಬದಿಗಿಡಿ. ವರ್ಷಕ್ಕೊಮ್ಮೆ ಗೇಜುಗಳನ್ನು ಪರೀಕ್ಷಿಸಲು ಬರುತ್ತಿದ್ದವರು, ಒತ್ತಡ ಪರೀಕ್ಷೆಗೆ ಸಾಕ್ಷಿಯಾಗಲು ಗಿರಾಕಿಯ ಕಡೆಯಿಂದ ಬಂದು ನಿಮ್ಮೊಡನೆ ಮಧ್ಯಾಹ್ನ ಊಟ ಮಾಡಿದವರು, ನೀವು ಮಾಲು ಹಿಂದಿರುಗಿಸಿದಾಗಲೆಲ್ಲ ಜಗಳ ಆಡಿದ ಫೌಂಡ್ರಿಯವರು ಇವರ ಹೆಸರು ಬರೆಯಿರಿ. ಜಗಳ ಆಡಿದವರನ್ನಂತೂ ಬಿಡಲೇಬೇಡಿ. ನಿಮ್ಮ ಕಣ್ಣು ತಪ್ಪಿಸುವುದು ಎಷ್ಟು ಕಷ್ಟವೆಂದು ಅವರಷ್ಟು ಬಲ್ಲವರು ಇನ್ನಾರು?

ಕೆಲಸ ಕೊಡಿ ಎಂದು ಕೇಳಬೇಡಿ, ಅದು ಇಬ್ಬರಿಗೂ ಮುಜುಗರ. ‘ನಿಮ್ಮ ಕಡೆ ಈ ಕೆಲಸ ಹೇಗೆ ನಡೆದಿದೆ, ಇಪ್ಪತ್ತು ನಿಮಿಷ ಬಂದು ಕೇಳಬಹುದೇ?’ ಎನ್ನಿ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲೂ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲೂ ಹೆಸರು ನೋಂದಾಯಿಸಿ. ಎರಡೂ ಉಚಿತ. ಕೆಲಸ ಕೊಡಿಸುತ್ತೇನೆ ಎಂದು ಮುಂಗಡ ಕೇಳುವವರಿದ್ದರೆ, ಕೊಡುವುದು ಬೇಡ. ಅಷ್ಟೇ.

ಇನ್ನು ನಿಮ್ಮ ಮೂರು ಬಾಗಿಲುಗಳು. ಇಲ್ಲಿ ನನ್ನ ನಿಯಮ ಒಂದೇ: ಹಾರುವ ಮೊದಲು ಕಾಲು ಅದ್ದಿ ನೋಡಿ.

ಕಿರಾಣಿ ಅಂಗಡಿ ಸುಲಭ ಎಂದು ಕಾಣುವುದು ಕೌಂಟರಿನ ಈಚೆ ನಿಂತಾಗ. ನಿಮ್ಮ ಹೆಂಡತಿಯ ಅಣ್ಣನವರಿಗೆ ಪರಿಚಯವಿರುವ ಯಾವುದಾದರೂ ಅಂಗಡಿಯಲ್ಲಿ ಹತ್ತು ದಿನ, ಬೆಳಿಗ್ಗೆ ಆರೂವರೆಯಿಂದ ರಾತ್ರಿ ಹತ್ತರ ತನಕ ಕುಳಿತು ಬನ್ನಿ. ಕೊನೆಯ ದಿನ ಮಾಲೀಕರ ಉದ್ರಿ ಪುಸ್ತಕ ತಿರುವಿ ಹಾಕಲು ಅನುಮತಿ ಕೇಳಿ. ನನ್ನ ಅನುಭವದಲ್ಲಿ ಚಿಕ್ಕ ಅಂಗಡಿಗಳನ್ನು ಮುಳುಗಿಸುವುದು ದೊಡ್ಡ ಮಳಿಗೆಗಳಿಗಿಂತ ಹೆಚ್ಚಾಗಿ ಆ ಪುಸ್ತಕ. ಕಾಸ್ಟಿಂಗ್ ತಿರಸ್ಕರಿಸಿದವರು ನೀವು. ಪಕ್ಕದ ಮನೆಯ ವೈನಿಯವರಿಗೆ ‘ಉದ್ರಿ ಇಲ್ಲ’ ಎಂದು ಹೇಳಬಲ್ಲಿರಾ? ಹೇಳಬಲ್ಲೆ ಎನಿಸಿದರೆ, ಧಾರವಾಡದ ರುಡ್‌ಸೆಟ್ ಸಂಸ್ಥೆಯಂಥ ಸ್ವ ಉದ್ಯೋಗ ತರಬೇತಿ ಕೇಂದ್ರದಲ್ಲಿ ಮೊದಲು ತರಬೇತಿ ಪಡೆಯಿರಿ. ತರಬೇತಿ ಉಚಿತ, ಬ್ಯಾಂಕಿನೊಡನೆ ಮಾತನಾಡುವ ಭಾಷೆಯನ್ನೂ ಅಲ್ಲಿ ಕಲಿಸುತ್ತಾರೆ. ಗ್ರಾಚ್ಯುಟಿಯ ಇಡೀ ಗಂಟನ್ನು ಸುರಿದು ಅಂಗಡಿ ತೆರೆಯುವುದಕ್ಕೆ ಮಾತ್ರ ನನ್ನ ಸ್ಪಷ್ಟ ವಿರೋಧವಿದೆ.

ಹೊಲದ ಮಾತು ಬೇರೆ. ತಾಯಿಯವರು ಹೊಲಕ್ಕೆ ಬಾ ಎನ್ನುತ್ತಿದ್ದಾರೋ ಊರಿಗೆ ಬಾ ಎನ್ನುತ್ತಿದ್ದಾರೋ, ಮೊದಲು ಅದನ್ನು ಅವರ ಹತ್ತಿರ ಕುಳಿತು ಕೇಳಿ. ಮೂರು ಎಕರೆಯ ಮೆಣಸಿನಕಾಯಿಯ ಮೇಲೆ ತಿಂಗಳ ಕಂತು ಕಟ್ಟುವುದು ಎಷ್ಟು ಕಷ್ಟವೆಂದು ಬ್ಯಾಡಗಿಯವರಿಗೆ ನಾನು ಹೇಳಬೇಕಿಲ್ಲ. 2024ರ ಮಾರ್ಚ್‌ನಲ್ಲಿ ದರ ಬಿದ್ದ ದಿನ ಅಲ್ಲಿನ ಮಾರುಕಟ್ಟೆ ಪ್ರಾಂಗಣದಲ್ಲಿ ವಾಹನಗಳು ಸುಟ್ಟದ್ದನ್ನು ಎಲ್ಲರೂ ನೋಡಿದ್ದೇವೆ. ಲಾವಣಿಯ ಕರಾರು ಮುಗಿಯುವ ತನಕ ಅದನ್ನು ಮುರಿಯಬೇಡಿ. ಅಷ್ಟರಲ್ಲಿ ಎರಡು ಭಾನುವಾರ ಊರಿಗೆ ಹೋಗಿ, ಹೊಲ ಮಾಡುತ್ತಿರುವವರ ಬೀಜ, ಗೊಬ್ಬರ, ಆಳು, ಬಾಡಿಗೆಯ ಲೆಕ್ಕ ಕೇಳಿ ಬರೆದುಕೊಳ್ಳಿ. ಒಂದು ಅಡ್ಡಮಾತು: ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನೂ ಪ್ರಯೋಗಾಲಯದಲ್ಲಿ ಅಳೆದು ಅಂಕಿ ಕೊಡುತ್ತಾರೆ. ಬ್ಯಾಡಗಿಯ ಸುತ್ತ ಶೀತಲ ಗೃಹಗಳಿವೆ. ವಾಲ್ವಿನ ಪರೀಕ್ಷಕ ನಾಳೆಯೇ ಮೆಣಸಿನಕಾಯಿಯ ಪರೀಕ್ಷಕನಾಗಲಾರ, ಆಹಾರದ ವಿದ್ಯೆ ಬೇರೆ. ಆದರೂ ಊರಿಗೆ ಹೋದಾಗ ಒಂದು ಶೀತಲ ಗೃಹದೊಳಗೆ ಕಾಲಿಟ್ಟು ಬಂದರೆ ನಷ್ಟವಿಲ್ಲ. ಜಾನ್ ಕ್ರಂಬೋಲ್ಟ್ಸ್ ಎಂಬ ಮನಶ್ಶಾಸ್ತ್ರಜ್ಞರ ವಾದವೇ ಅದು: ವೃತ್ತಿಯಲ್ಲಿ ಆಕಸ್ಮಿಕದ ಪಾಲು ದೊಡ್ಡದು, ಆಕಸ್ಮಿಕಗಳು ಎದುರಾಗುವ ಕಡೆ ನಡೆದಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಪುಣೆಯನ್ನು ನೀವು ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ. ನಾನು ಹಾಗೆ ಮಾಡುವುದಿಲ್ಲ. ಮಗಳ ಪರೀಕ್ಷೆ ಮುಗಿಯುವ ತನಕ ನೀವೊಬ್ಬರೇ ಹೋಗುವುದು, ಮೂರು ತಿಂಗಳ ತಾತ್ಕಾಲಿಕ ನಿಯೋಜನೆ ಕೇಳುವುದು, ಅಲ್ಲಿ ಕೆಲಸದಲ್ಲಿದ್ದುಕೊಂಡೇ ಇಲ್ಲಿ ಹುಡುಕುವುದು ಇವೆಲ್ಲ ಹೌದು ಮತ್ತು ಇಲ್ಲಗಳ ನಡುವಿನ ಜಾಗಗಳು. ಕೈಯಲ್ಲಿ ಕೆಲಸವಿರುವವನಿಗೆ ಸಂದರ್ಶನದಲ್ಲಿ ಸಿಗುವ ಮರ್ಯಾದೆಯೇ ಬೇರೆ, ಇದು ಕಹಿಯಾದರೂ ನಿಜ.

ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ನಾನು ಒತ್ತಾಯಿಸುವುದಕ್ಕೆ ಒಂದು ಹಿನ್ನೆಲೆಯಿದೆ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಹಾವೇರಿಯ ಕಡೆಯ ಒಬ್ಬ ಖಾಸಗಿ ಶಾಲಾ ಶಿಕ್ಷಕಿ ಬಂದಿದ್ದರು. ಶಾಲೆ ಮುಚ್ಚಿತ್ತು. ನನ್ನ ಪರೀಕ್ಷೆಯಲ್ಲಿ ಅಂಕಿಸಂಖ್ಯೆಯ ಕಡೆ ಒಲವು ಚೆನ್ನಾಗಿ ಕಂಡಿತು. ಲೆಕ್ಕಪತ್ರದ ಕಂಪ್ಯೂಟರ್ ಕೋರ್ಸಿಗೆ ಕಳುಹಿಸಿಬಿಟ್ಟೆ. ಬಳೆ ಅಡವಿಟ್ಟು ಸೇರಿದರು, ಚೆನ್ನಾಗಿ ಕಲಿತರು, ಕೆಲಸವೂ ಬಂತು, ಬೆಂಗಳೂರಿನಲ್ಲಿ. ಹಾಸಿಗೆ ಹಿಡಿದ ಮಾವನನ್ನು ಬಿಟ್ಟು ಅವರು ಹೋಗುವಂತಿರಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಕೇಳಿಯೇ ಇರಲಿಲ್ಲ. ಪರೀಕ್ಷೆ ತಪ್ಪಿರಲಿಲ್ಲ, ನಾನು ತಪ್ಪಿದ್ದೆ. ಅಂದಿನಿಂದ ಎರಡನೇ ಭೇಟಿ ಯಾವಾಗಲೂ ಮನೆಯವರೊಡನೆ. ನಿಮ್ಮ ಮನೆಯವರ ಹೊಲಿಗೆಯನ್ನು ನೀವು ಪತ್ರದಲ್ಲಿ ಗಳಿಕೆಯ ಲೆಕ್ಕಕ್ಕಷ್ಟೇ ತಂದಿದ್ದೀರಿ. ಲಗ್ನದ ಹಂಗಾಮಿನಲ್ಲಿ ಆಕೆ ಎಷ್ಟು ಗಿರಾಕಿಗಳನ್ನು ವಾಪಸ್ ಕಳುಹಿಸುತ್ತಿದ್ದಾರೆ, ಇನ್ನೊಂದು ಯಂತ್ರವೂ ಒಬ್ಬ ಸಹಾಯಕಿಯೂ ಇದ್ದರೆ ಏನಾದೀತು ಎಂದು ಎಂದಾದರೂ ಕೇಳಿದ್ದೀರಾ? ಈ ಮನೆಯಲ್ಲಿ ಆಗಲೇ ನಡೆಯುತ್ತಿರುವ ಉದ್ಯಮ ಅದೊಂದೇ.

ನಿದ್ದೆಯ ವಿಷಯ. 1930ರ ಸುಮಾರಿಗೆ ಆಸ್ಟ್ರಿಯಾದ ಮಾರಿಯಂತಾಲ್ ಎಂಬ ಊರಿನಲ್ಲಿ ಇದ್ದ ಒಂದೇ ಬಟ್ಟೆ ಗಿರಣಿ ಮುಚ್ಚಿತು. ಸಮಾಜ ಮನಶ್ಶಾಸ್ತ್ರಜ್ಞೆ ಮರೀ ಯಹೋಡಾ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ, ಕೆಲಸ ಕಳೆದುಕೊಂಡವರು ಬದುಕುವ ರೀತಿಯನ್ನು ಹತ್ತಿರದಿಂದ ನೋಡಿದರು. ಕೈತುಂಬ ಸಮಯವಿದ್ದರೂ ಗ್ರಂಥಾಲಯದಿಂದ ಹೋಗುವ ಪುಸ್ತಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಸಂಶೋಧಕರು ಬೀದಿಯಲ್ಲಿ ಜನರ ನಡಿಗೆಯನ್ನೂ ಗಮನಿಸಿದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರು ಬೇಗ ನಡೆಯುತ್ತಿದ್ದರು, ಅವರಿಗೆ ಮನೆಯಲ್ಲಿ ಕೆಲಸವಿತ್ತಲ್ಲ. ಸಂಬಳದ ಜೊತೆಗೆ ಕೆಲಸ ನಮಗೆ ಹೊತ್ತನ್ನು ಕೊಡುತ್ತದೆ, ನಾಲ್ಕು ಜನರನ್ನು ಕೊಡುತ್ತದೆ, ಕೇಳಿದವರಿಗೆ ಹೇಳಿಕೊಳ್ಳಲು ಒಂದು ಗುರುತು ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು.

ನನ್ನ ಬಳಿ ಬರುತ್ತಿದ್ದ ಒಬ್ಬರು, ಕೆಲಸ ಹೋಗಿ ಆರು ತಿಂಗಳಾದರೂ ಮೊದಲ ಪಾಳಿಯ ಹೊತ್ತಿಗೆ, ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಎದ್ದು ಕುಳಿತುಕೊಳ್ಳುತ್ತಿದ್ದರು. ಮಲಗಿಕೊಳ್ಳಿ ಎಂದು ನಾನು ಹೇಳಲಿಲ್ಲ, ಆ ಹೊತ್ತಿಗೆ ಒಂದು ಕೆಲಸ ಕೊಟ್ಟೆ. ಆರರ ತನಕ ಅರ್ಜಿ, ಪತ್ರ, ಓದು. ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ. ವಾರಕ್ಕೆ ಮೂರು ಜನರ ಭೇಟಿ, ಶನಿವಾರ ಸಂಜೆ ನನಗೆ ವರದಿ. ನಿಮಗೂ ಅಂಥದ್ದೇ ಒಂದು ವೇಳಾಪಟ್ಟಿ ಬೇಕಾಗುತ್ತದೆ. ಆದರೆ ನಿದ್ದೆ ಇಲ್ಲದಿರುವುದು ಎರಡು ವಾರ ದಾಟಿದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ಸರಿ, ಅದು ನನ್ನ ಕೈಮೀರಿದ ವಿಷಯ, ವೈದ್ಯರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ಜನ ಏನೆಂದುಕೊಳ್ಳುತ್ತಾರೆ ಎಂಬ ಚಿಂತೆ ಬೇಡ, ನಾನೇ ಎಷ್ಟೋ ಜನರ ಜೊತೆ ಹೋಗಿ ಕುಳಿತಿದ್ದೇನೆ.

ಸಮಾಲೋಚನೆಗೆ ಆಗದ್ದನ್ನೂ ಹೇಳಬೇಕು. ಹೋದ ವಿಭಾಗವನ್ನು ಅದು ಹಿಂದಕ್ಕೆ ತರುವುದಿಲ್ಲ. 42ರವರನ್ನು ಕಂಡು ಮುಖ ತಿರುಗಿಸುವ ಕಂಪನಿಗಳ ಮನಸ್ಸು ತಿದ್ದುವುದಿಲ್ಲ. ‘ಎಲ್ಲವೂ ಒಳ್ಳೆಯದಕ್ಕೇ’ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ನಿಮಗಾಗಿರುವುದು ಒಳ್ಳೆಯದಲ್ಲ, ಅದರಲ್ಲಿ ನಿಮ್ಮ ತಪ್ಪೂ ಇಲ್ಲ. ನಾವು ಮಾಡುವುದು ಇಷ್ಟು: ಹತ್ತು ತಿಂಗಳನ್ನು ಭಾಗ ಮಾಡುವುದು. ಮೊದಲ ಎರಡು ತಿಂಗಳು ಭೇಟಿ ಮತ್ತು ಪ್ರಯೋಗ, ಯಾವ ಹೂಡಿಕೆಯೂ ಇಲ್ಲ. ನಾಲ್ಕನೆಯ ತಿಂಗಳ ಕೊನೆಗೆ ಒಂದೂ ಕರೆ ಬರದಿದ್ದರೆ ಕೇಳುವ ಸಂಬಳ ಇಳಿಸುವುದು, ಬೆಳಗಾವಿಯ ತನಕ ಹುಡುಕಾಟ ಹಿಗ್ಗಿಸುವುದು. ಆರನೆಯ ತಿಂಗಳಿಗೆ, ಮನಸ್ಸಿಗೆ ಹಿಡಿಸಲಿ ಬಿಡಲಿ, ಸಿಕ್ಕ ಕೆಲಸಕ್ಕೆ ಸೇರಿ ಉಳಿದ ನಾಲ್ಕು ತಿಂಗಳ ಹಣವನ್ನು ಕಾಪಾಡುವುದು. ಈ ತಾರೀಕುಗಳನ್ನು ಇವತ್ತೇ, ತಲೆ ತಣ್ಣಗಿರುವಾಗ ಬರೆದಿಟ್ಟುಕೊಂಡರೆ ಆ ದಿನ ಬಂದಾಗ ಮನಸ್ಸಿನೊಡನೆ ಗುದ್ದಾಡುವುದು ತಪ್ಪುತ್ತದೆ.

ಕಂಪನಿಯ ಗಡುವಿಗೆ ಇನ್ನು ಒಂಬತ್ತು ದಿನ ಇವೆ. ನಾಳೆಯೇ ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಇಮೇಲ್ ಕಳುಹಿಸಿ. ಒಪ್ಪಿಗೆಯೂ ಬೇಡ, ನಿರಾಕರಣೆಯೂ ಬೇಡ, ನಾಲ್ಕು ಪ್ರಶ್ನೆ ಸಾಕು. ವರ್ಗಾವಣೆಯ ಆದೇಶವನ್ನು ಲಿಖಿತವಾಗಿ ಯಾವಾಗ ಕೊಡುತ್ತೀರಿ? ಪುಣೆಯಲ್ಲಿ ನನ್ನ ಹುದ್ದೆ, ವೇತನ, ಮನೆ ಸಾಗಿಸುವ ಭತ್ಯೆ ಏನು? ಮಾರ್ಚ್ ಪರೀಕ್ಷೆಯ ತನಕ ತಾತ್ಕಾಲಿಕ ನಿಯೋಜನೆ ಸಾಧ್ಯವೇ? ಹೋಗದಿದ್ದರೆ ನನಗೆ ಬರಬೇಕಾದ ಹಣದ ವಿವರವೇನು? ಉತ್ತರ ಬರುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಶನಿವಾರ ಬರುವುದಾದರೆ ನೇಮಕಾತಿ ಪತ್ರ, ಕೊನೆಯ ಮೂರು ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ನಾಲ್ಕೂ ಡೈರಿಗಳನ್ನು ತನ್ನಿ. ಮನೆಯವರಿಗೆ ಅವರ ಹೊಲಿಗೆಯ ಲೆಕ್ಕದ ಪುಸ್ತಕವನ್ನೂ ತರಲು ಹೇಳಿ.